ಒಂದು ಜಾಲ, ಹಲವು ಪಾಲು



ಹಾಸನದಿಂದ ಹೊಳೆನರಸೀಪುರದ ರಸ್ತೆ ಹಿಡಿದರೆ ಮೊಸಳೆಹೊಸಹಳ್ಳಿ ಸಿಗುತ್ತದೆ. ಅಲ್ಲಿಗೆ ಹತ್ತಿರದ ಮೊಸಳೆ ಗ್ರಾಮವನ್ನು ಹೊಯ್ಸಳರ ಕಾಲದ ನಾಗೇಶ್ವರ ಮತ್ತು ಚನ್ನಕೇಶವ ಜೋಡಿ ಗುಡಿಗಳಿಂದಾಗಿ ನಾಡೆಲ್ಲ ಬಲ್ಲದು. ಇವತ್ತು ಮೊಸಳೆಹೊಸಹಳ್ಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಕಂಪ್ಯೂಟರ್ ನೆಟ್‌ವರ್ಕ್ ವಿಷಯದಲ್ಲಿ ಒಂದು ಲೆಕ್ಕ ಗಂಟುಬಿದ್ದೇ ಬೀಳುತ್ತದೆ. ಒಂದು ಜಾಲದ ವಿಳಾಸ ಕೊಟ್ಟು, ‘ಇದನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ಮೊದಲ ವಿಳಾಸ ಯಾವುದು, ಕೊನೆಯದು ಯಾವುದು ಬರೆಯಿರಿ’ ಎನ್ನುತ್ತಾರೆ. ಇದಕ್ಕೆ ಸಬ್‌ನೆಟಿಂಗ್ ಎಂದು ಹೆಸರು. ದೊಡ್ಡ ಜಾಲವನ್ನು ಸಣ್ಣ ಉಪಜಾಲಗಳಾಗಿ ಹಂಚುವ ಕೆಲಸ ಇದು.

ಲೆಕ್ಕ ಕಷ್ಟದ್ದೇನಲ್ಲ. ಎರಡರಿಂದ ಗುಣಿಸುವುದು, ಎರಡರಿಂದ ಭಾಗಿಸುವುದು ಬಂದರೆ ಸಾಕು, ಒಂದು ಸಂಜೆಯಲ್ಲಿ ಕಲಿಯಬಹುದು. ಆದರೆ ಎಲ್ಲಿ ಕತ್ತರಿಸಬೇಕು, ಯಾಕೆ ಅಲ್ಲೇ ಕತ್ತರಿಸಬೇಕು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದು ಅಪರೂಪ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಎದುರಾಗುವುದು ಮಾತ್ರ ಆ ಪ್ರಶ್ನೆಯೇ. ಈಗ ಅದು ಎಂಜಿನಿಯರುಗಳಿಗೆ ಮಾತ್ರ ಸೇರಿದ್ದೂ ಅಲ್ಲ. ಹಳ್ಳಿಯ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಇದೆ, ಪಂಚಾಯಿತಿಗೆ ಫೈಬರ್ ಬಂದಿದೆ, ಸಕಲೇಶಪುರದ ಹೋಂಸ್ಟೇಗಳಲ್ಲಿ ಅತಿಥಿಗಳು ರೂಮಿಗಿಂತ ಮೊದಲು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಇವೆಲ್ಲ ಜಾಲಗಳೇ. ಹಂಚಿಕೆಯ ಪ್ರಶ್ನೆ ಇವರ ಬಾಗಿಲಿಗೂ ಬಂದು ನಿಂತಿದೆ. ಅದರ ಬಗ್ಗೆಯೇ ಇವತ್ತಿನ ಮಾತು. ಹತ್ತಿರ ಒಂದು ಪೆನ್ಸಿಲ್ಲು, ಕಾಗದ ಇದ್ದರೆ ಇಟ್ಟುಕೊಳ್ಳಿ. ಕೆಲವು ಅಂಕಿ ಹೇಳಲೇಬೇಕಾಗುತ್ತದೆ.

ಭಾಗ ಮಾಡದೆ ಹಾಗೇ ಬಿಟ್ಟರೆ ಏನಾಗುತ್ತದೆ, ಅದನ್ನು ಮೊದಲು ನೋಡೋಣ. ಒಂದು ಸಣ್ಣ ಕಚೇರಿ. ಹತ್ತು ಕಂಪ್ಯೂಟರು, ಒಂದು ಪ್ರಿಂಟರು, ಎಲ್ಲವೂ ಸ್ವಿಚ್ ಎಂಬ ಒಂದೇ ಜೋಡಣೆಯ ಪೆಟ್ಟಿಗೆಗೆ ಸೇರಿವೆ. ಒಂದು ಕಂಪ್ಯೂಟರ್ ಪ್ರಿಂಟರಿಗೆ ಕಾಗದ ಕಳಿಸಬೇಕಾಗಿದೆ. ಪ್ರಿಂಟರಿನ ಐಪಿ ವಿಳಾಸ ಅದಕ್ಕೆ ಗೊತ್ತು. ಆದರೆ ಕೇಬಲ್ ಮೇಲೆ ಮಾಹಿತಿ ಸಾಗಬೇಕಾದರೆ ಯಂತ್ರದೊಳಗೆ ಬರೆದಿಟ್ಟ ಇನ್ನೊಂದು ವಿಳಾಸ, ಅಂದರೆ ಮ್ಯಾಕ್ ವಿಳಾಸವೂ ಬೇಕು. ಅದು ಗೊತ್ತಿಲ್ಲದಾಗ ಕಂಪ್ಯೂಟರ್ ಜಾಲದಲ್ಲಿರುವ ಎಲ್ಲರನ್ನೂ ಕೂಗಿ ಕೇಳುತ್ತದೆ: ‘ಈ ಐಪಿ ಯಾರದು? ನಿಮ್ಮ ಮ್ಯಾಕ್ ಹೇಳಿ.’ ಎಲ್ಲ ಯಂತ್ರಗಳೂ ಆ ಕೂಗನ್ನು ಕೇಳಿಸಿಕೊಳ್ಳುತ್ತವೆ, ಸಂಬಂಧಪಟ್ಟದ್ದು ಮಾತ್ರ ಉತ್ತರಿಸುತ್ತದೆ. 1982ರಲ್ಲಿ ರೂಪುಗೊಂಡ ಎಆರ್‌ಪಿ ಎಂಬ ಈ ಪದ್ಧತಿ ಇವತ್ತಿಗೂ ನಡೆಯುತ್ತಿದೆ. ಹೊಸ ಮೊಬೈಲೊಂದು ವೈಫೈಗೆ ಸೇರಿದಾಗಲೂ ಹೀಗೆಯೇ. ‘ನನಗೊಂದು ವಿಳಾಸ ಕೊಡುವವರು ಯಾರಾದರೂ ಇದ್ದೀರಾ’ ಎಂದು ಅದು ಮೊದಲು ಎಲ್ಲರನ್ನೂ ಕೇಳುತ್ತದೆ.

ಹತ್ತು ಯಂತ್ರಗಳಿದ್ದಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಸಾವಿರ ಮೊಬೈಲುಗಳ ಹಾಸ್ಟೆಲಿನಲ್ಲಿ ಬರುತ್ತದೆ. ವೈಫೈಯಲ್ಲಿ ಎಲ್ಲರಿಗೂ ಕೇಳಬೇಕಾದ ಮಾತನ್ನು ನಿಧಾನದ ವೇಗದಲ್ಲೇ ಕಳಿಸಬೇಕು, ಏಕೆಂದರೆ ದೂರದ ಮೂಲೆಯ ಮೊಬೈಲಿಗೂ ಅದು ಕೇಳಿಸಬೇಕಲ್ಲ. ಒಬ್ಬರ ಒಂದೊಂದು ಕೂಗೂ ಉಳಿದವರೆಲ್ಲರ ಸಮಯವನ್ನಷ್ಟು ತಿನ್ನುತ್ತದೆ, ಬ್ಯಾಟರಿಯನ್ನಷ್ಟು ಇಳಿಸುತ್ತದೆ.

ಕೂಗಿನ ಗದ್ದಲಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದೇ ಜಾಲದಲ್ಲಿ ಒಬ್ಬರ ತಪ್ಪು ಎಲ್ಲರ ತಲೆಗೆ ಬರುತ್ತದೆ. ಯಾರೋ ತಮ್ಮ ಕೋಣೆಯಲ್ಲಿ ಸಿಗ್ನಲ್ ಬರಲೆಂದು ಅಂಗಡಿಯಿಂದ ಒಂದು ವೈಫೈ ರೂಟರ್ ತಂದು ಗೋಡೆಯ ಪಾಯಿಂಟಿಗೆ ಸಿಕ್ಕಿಸುತ್ತಾರೆ. ಕೇಬಲನ್ನು ವ್ಯಾನ್ ಎಂದು ಬರೆದ ರಂಧ್ರಕ್ಕೆ ಹಾಕುವ ಬದಲು ಲ್ಯಾನ್ ಎಂದಿರುವ ಕಡೆ ಹಾಕಿರುತ್ತಾರೆ. ಆ ಪುಟ್ಟ ರೂಟರು ‘ವಿಳಾಸ ಕೊಡುವವನು ನಾನೇ’ ಎಂದು ಇಡೀ ಕಟ್ಟಡಕ್ಕೆ ತಪ್ಪು ವಿಳಾಸ ಹಂಚಲು ಶುರುಮಾಡುತ್ತದೆ. ಪ್ರಿನ್ಸಿಪಾಲರ ಕೊಠಡಿಯಿಂದ ಗ್ರಂಥಾಲಯದವರೆಗೆ ‘ನೆಟ್ ಬರ್ತಿಲ್ಲ’ ಎಂಬ ಒಂದೇ ಮಾತು. ಇನ್ನೊಬ್ಬರು ನೆಲದ ಮೇಲೆ ಬಿದ್ದಿದ್ದ ಕೇಬಲಿನ ಎರಡೂ ತುದಿಗಳನ್ನು ಒಂದೇ ಸ್ವಿಚ್ಚಿಗೆ ಸಿಕ್ಕಿಸುತ್ತಾರೆ. ಆಗ ಒಂದು ಕೂಗು ಸುತ್ತಿ ಸುತ್ತಿ ಬಂದು ಕೆಲವೇ ಕ್ಷಣಗಳಲ್ಲಿ ಜಾಲವೆಲ್ಲ ಅದರಿಂದಲೇ ತುಂಬಿಹೋಗುತ್ತದೆ. ಜಾಲ ಹೋಳಾಗಿದ್ದರೆ ಕೆಡುವುದು ಒಂದು ಹೋಳು, ಉಳಿದವರ ಕೆಲಸ ಸಾಗುತ್ತಿರುತ್ತದೆ.

ಹಾಗಾದರೆ ಹೋಳು ಮಾಡುವುದು ಹೇಗೆ? ಇಲ್ಲಿ ನಮಗೆಲ್ಲ ಗೊತ್ತಿರುವ ಪಿನ್ ಕೋಡ್ ನೆನಪಿಸಿಕೊಳ್ಳಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದದ್ದು. ಹಾಸನದ್ದು 573201, ಹೊಳೆನರಸೀಪುರದ್ದು 573211, ಅರಕಲಗೂಡಿನದು 573102, ಚನ್ನರಾಯಪಟ್ಟಣದ್ದು 573116. ನಾಲ್ಕೂ 573 ಎಂದೇ ಶುರುವಾಗುತ್ತವೆ. ದೆಹಲಿಯಲ್ಲಿ ಕಾಗದ ವಿಂಗಡಿಸುವವರಿಗೆ ಅರಕಲಗೂಡು ಯಾವ ದಿಕ್ಕಿಗಿದೆ ಎಂದು ಗೊತ್ತಿರಬೇಕಾಗಿಲ್ಲ. ಮೊದಲ ಅಂಕಿ 5 ಕಂಡರೆ ದಕ್ಷಿಣದ ಚೀಲಕ್ಕೆ ಹಾಕಿದರಾಯಿತು. 573 ನೋಡಿ ಹಾಸನಕ್ಕೆ ಕಳಿಸುವವರು ಮುಂದೆ ಇದ್ದಾರೆ. ಹಾಸನಕ್ಕೆ ಬಂದ ಮೇಲಷ್ಟೇ ಕೊನೆಯ ಮೂರು ಅಂಕಿಗಳಿಗೆ ಬೆಲೆ.

ಐಪಿ ವಿಳಾಸವೂ ಹೀಗೆ ಎರಡು ಭಾಗದ್ದು. ಮುಂದಿನ ಭಾಗ ಯಾವ ಜಾಲ ಎಂದು ಹೇಳುತ್ತದೆ, ಹಿಂದಿನ ಭಾಗ ಆ ಜಾಲದೊಳಗೆ ಯಾವ ಯಂತ್ರ ಎಂದು ಹೇಳುತ್ತದೆ. ವ್ಯತ್ಯಾಸ ಒಂದೇ. ಪಿನ್ ಕೋಡಿನಲ್ಲಿ ಮೂರನೇ ಅಂಕಿಗೇ ಗೆರೆ ಎಂದು ಅಂಚೆ ಇಲಾಖೆ ನಿಗದಿ ಮಾಡಿದೆ. ಐಪಿಯಲ್ಲಿ ಆ ಗೆರೆಯನ್ನು ನಾವೇ ಎಳೆಯಬಹುದು. ಗೆರೆ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸುವುದು ಸಬ್‌ನೆಟ್ ಮಾಸ್ಕ್.

ನಿಮ್ಮ ಮನೆಯ ವೈಫೈ ಸೆಟ್ಟಿಂಗಿನಲ್ಲಿ 192.168.1 ಎಂದು ಶುರುವಾಗುವ ವಿಳಾಸ ಕಂಡಿರಬಹುದು. ಜೊತೆಗೆ 255.255.255.0 ಎಂಬ ಸಾಲು. ಆ ಸಾಲೇ ಮಾಸ್ಕ್. ವಿಳಾಸದಲ್ಲಿ ಒಟ್ಟು 32 ಬಿಟ್‌ಗಳು, ಅಂದರೆ 0 ಇಲ್ಲವೇ 1 ಬರೆಯುವ ಮನೆಗಳು, ಎಂಟೆಂಟರಂತೆ ನಾಲ್ಕು ಗುಂಪು. ಒಂದೊಂದು ಗುಂಪಿನಲ್ಲಿ 0ಯಿಂದ 255ರವರೆಗೆ ಬರೆಯಬಹುದು. 255.255.255.0 ಎಂದರೆ ಮೊದಲ 24 ಬಿಟ್ ಜಾಲಕ್ಕೆ, ಉಳಿದ 8 ಯಂತ್ರಕ್ಕೆ. ಎಂಜಿನಿಯರುಗಳು ಇದನ್ನೇ ಚುಟುಕಾಗಿ ಸ್ಲ್ಯಾಷ್ 24 ಎನ್ನುತ್ತಾರೆ. ಎಂಟು ಬಿಟ್ಟಿನಲ್ಲಿ 256 ವಿಳಾಸ ಸಿಗುತ್ತವೆ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರನ್ನೂ ಕೂಗುವುದಕ್ಕೆ ಮೀಸಲು. ಯಂತ್ರಗಳಿಗೆ ಉಳಿಯುವುದು 254.

ಇನ್ನು ಗೆರೆಯನ್ನು ಒಂದು ಬಿಟ್ ಮುಂದೆ ಸರಿಸಿ. ಜಾಲ ಎರಡು ಹೋಳಾಗುತ್ತದೆ, ಒಂದೊಂದರಲ್ಲಿ 128 ವಿಳಾಸ. ಇನ್ನೊಂದು ಬಿಟ್ ಸರಿಸಿದರೆ ನಾಲ್ಕು ಹೋಳು, ಒಂದೊಂದರಲ್ಲಿ 64. ಮೂರನೆಯದಕ್ಕೆ ಎಂಟು ಹೋಳು, 32. ಗೆರೆ ಸರಿದಂತೆಲ್ಲ ಹೋಳು ಇಮ್ಮಡಿ, ಹೋಳಿನ ಗಾತ್ರ ಅರ್ಧ. ಇಡೀ ಲೆಕ್ಕದ ಗುಟ್ಟು ಇಷ್ಟೇ.

ಕಂಪ್ಯೂಟರು ಮಾಸ್ಕನ್ನು ಒಂದೇ ಪ್ರಶ್ನೆಗೆ ಬಳಸುತ್ತದೆ: ನಾನು ಮಾತಾಡಬೇಕಾದ ಯಂತ್ರ ನನ್ನ ಹೋಳಿನಲ್ಲೇ ಇದೆಯೋ, ಹೊರಗಿದೆಯೋ? ಒಳಗಿದ್ದರೆ ನೇರವಾಗಿ ಕೂಗುತ್ತದೆ. ಹೊರಗಿದ್ದರೆ ಮಾತನ್ನು ಗೇಟ್‌ವೇ ಎನ್ನುವ ರೂಟರಿನ ಕೈಗೆ ಕೊಡುತ್ತದೆ. ಕೂಗು ಹೋಳಿನ ಗಡಿಯಲ್ಲೇ ನಿಲ್ಲುತ್ತದೆ, ರೂಟರ್ ಅದನ್ನು ದಾಟಿಸುವುದಿಲ್ಲ.

ಈ ಉಪಾಯ ಹುಟ್ಟಿದ ಕಥೆಯನ್ನೂ ಸ್ವಲ್ಪ ಹೇಳಬೇಕು. ಇಂಟರ್‌ನೆಟ್ಟಿನ ಮೊದಲ ದಿನಗಳಲ್ಲಿ ಗೆರೆ ಎಲ್ಲಿ ಬೇಕಾದರೂ ಇರುವಂತಿರಲಿಲ್ಲ. ಎ, ಬಿ, ಸಿ ಎಂಬ ಮೂರು ಅಳತೆಗಳಲ್ಲೇ ಜಾಲ ಹಂಚುತ್ತಿದ್ದರು. ಎ ಎಂದರೆ 1.6 ಕೋಟಿಗೂ ಹೆಚ್ಚು ವಿಳಾಸ, ಬಿ ಎಂದರೆ 65,536, ಸಿ ಎಂದರೆ 256. ನಡುವಿನ ಅಳತೆ ಕೇಳಿದರೆ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ 36 ಎಂದು ಶುರುವಾಗುವ ಇಡೀ ಎ ವರ್ಗದ ಜಾಲವೇ ಸಿಕ್ಕಿತ್ತು. ಆದರೆ ಅದರ ಆವರಣದಲ್ಲಿ ವಿಭಾಗಕ್ಕೊಂದು, ಕಟ್ಟಡಕ್ಕೊಂದು ಎಂದು ಹಲವು ಸಣ್ಣ ಜಾಲಗಳಿದ್ದವು. ಪ್ರತಿ ಕಟ್ಟಡಕ್ಕೂ ಹೊರಗಿನಿಂದ ಬೇರೆ ಬೇರೆ ಜಾಲ ಸಂಖ್ಯೆ ಪಡೆದರೆ ಜಗತ್ತಿನ ರೂಟರುಗಳೆಲ್ಲ ಅಲ್ಲಿನ ಕಟ್ಟಡಗಳ ಪಟ್ಟಿ ಇಟ್ಟುಕೊಳ್ಳಬೇಕಾಗುತ್ತದೆ. ಅಲ್ಲಿದ್ದ ಜೆಫ್ರಿ ಮೊಗಲ್ 1984ರಲ್ಲಿ ಬೇರೊಂದು ದಾರಿ ಬರೆದಿಟ್ಟರು: ಹೊರಗಿನವರಿಗೆ ನಾವು ಒಂದೇ ಜಾಲವಾಗಿ ಕಾಣೋಣ, ಒಳಗಿನ ಹಂಚಿಕೆ ನಮ್ಮದೇ ಇರಲಿ. ಮರುವರ್ಷ, 1985ರ ಆಗಸ್ಟಿನಲ್ಲಿ, ಮೊಗಲ್ ಮತ್ತು ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 950 ಎಂಬ ದಾಖಲೆ ಅದನ್ನು ಶಿಸ್ತುಗೊಳಿಸಿತು. ಸಬ್‌ನೆಟ್ ಮಾಸ್ಕ್ ಎಲ್ಲರ ಬಳಕೆಗೂ ಬಂದದ್ದು ಹೀಗೆ.

ನಮ್ಮ ದೇಶದಲ್ಲೂ ಇದಕ್ಕೆ ಒಳ್ಳೆಯ ನಿದರ್ಶನವಿದೆ. 1986ರಲ್ಲಿ ಎರ್ನೆಟ್ ಎಂಬ ಶೈಕ್ಷಣಿಕ ಜಾಲ ಶುರುವಾಯಿತು. ಎಲೆಕ್ಟ್ರಾನಿಕ್ಸ್ ಇಲಾಖೆಯ ಯೋಜನೆ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವು. ಮೊದಲು ಕೈಜೋಡಿಸಿದವು ಎಂಟು ಸಂಸ್ಥೆಗಳು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬೈಯ ಎನ್‌ಸಿಎಸ್‌ಟಿ ಮತ್ತು ದೆಹಲಿಯ ಆ ಇಲಾಖೆ. ಎರ್ನೆಟ್‌ಗೆ 144.16 ಎಂದು ಶುರುವಾಗುವ ಒಂದು ಬಿ ವರ್ಗದ ಜಾಲವಿತ್ತು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಬೆಂಗಳೂರಿಗರು ಕರೆಯುವ ಆ ವಿಜ್ಞಾನ ಸಂಸ್ಥೆಯ ಕಂಪ್ಯೂಟರುಗಳಿಗೂ ಬಹುದೂರದಲ್ಲಿರುವ ಖರಗ್‌ಪುರದ ಐಐಟಿಯ ಕಂಪ್ಯೂಟರುಗಳಿಗೂ ಮೊದಲ ಎರಡು ಸಂಖ್ಯೆ ಒಂದೇ, 144.16. ಯಾವ ಊರು ಎಂದು ತಿಳಿಯಬೇಕಾದರೆ ಮೂರನೇ ಸಂಖ್ಯೆ ನೋಡಬೇಕು. ಹೊರದೇಶದ ರೂಟರಿಗೆ ಆ ಗೊಡವೆ ಬೇಕಿರಲಿಲ್ಲ. 144.16 ಎಂದರೆ ಭಾರತದ ಎರ್ನೆಟ್, ಅಷ್ಟು ತಿಳಿದರೆ ಅದರ ಕೆಲಸ ಮುಗಿಯಿತು.

ಈಗ ಗಮನಿಸಿ: 65,536 ವಿಳಾಸವನ್ನು ಎಂಟು ಪಾಲು ಮಾಡಿದರೆ ಪಾಲಿಗೆ 8,192. ಎಂಟಕ್ಕೆ ಬೇಕಾದದ್ದು ಮೂರೇ ಬಿಟ್. ಮೂರು ಬಿಟ್ ಸರಿಸಿದರೆ ಇಷ್ಟು ದೊಡ್ಡ ದೇಶದ ಎಂಟು ಸಂಸ್ಥೆಗಳಿಗೆ ಜಾಗ ಸಿಗುತ್ತದೆ.

1993ರಲ್ಲಿ ಎ, ಬಿ, ಸಿ ವರ್ಗಗಳ ಬೇಲಿಯನ್ನೇ ಕಿತ್ತು, ಗೆರೆ ಎಲ್ಲಿ ಬೇಕಾದರೂ ಇರಬಹುದು ಎಂಬ ಸೈಡರ್ ಪದ್ಧತಿ ಜಾರಿಗೆ ತಂದರು. ಜಗತ್ತಿನ ರೂಟರುಗಳ ಪಟ್ಟಿ ಮಿತಿಮೀರಿ ಬೆಳೆಯುತ್ತಿದ್ದದ್ದೂ ಬಿ ವರ್ಗದ ಜಾಲಗಳು ಖಾಲಿಯಾಗುತ್ತಿದ್ದದ್ದೂ ಅದಕ್ಕೆ ಕಾರಣ. ಸ್ಟ್ಯಾನ್‌ಫರ್ಡ್ ತನ್ನ ಪಾಲಿನ ಆ ದೊಡ್ಡ ಜಾಲವನ್ನು 2000ದ ಹೊತ್ತಿಗೆ ಹಿಂದಿರುಗಿಸಿತು.

ಈಗ ಪರೀಕ್ಷೆಯ ಲೆಕ್ಕಕ್ಕೆ ಬರೋಣ. ಒಂದು ಕಾಲೇಜನ್ನು ಊಹಿಸಿಕೊಳ್ಳಿ. 192.168.1ರ ಸ್ಲ್ಯಾಷ್ 24 ಜಾಲ ಕೊಟ್ಟಿದ್ದಾರೆ. ವಿದ್ಯಾರ್ಥಿಗಳ ಲ್ಯಾಬಿನಲ್ಲಿ 100 ಕಂಪ್ಯೂಟರು, ಅಧ್ಯಾಪಕರ ಕೊಠಡಿಗಳಲ್ಲಿ 50, ಸಿಸಿ ಕ್ಯಾಮೆರಾ 25, ಆಫೀಸಿನಲ್ಲಿ 12. ಸಮನಾಗಿ ನಾಲ್ಕು ಭಾಗ ಮಾಡಿದರೆ ಒಂದೊಂದಕ್ಕೆ 64, ಅದರಲ್ಲಿ ಬಳಸಬಹುದಾದದ್ದು 62. ಲ್ಯಾಬಿನ ನೂರು ಯಂತ್ರ ಅದರಲ್ಲಿ ಹಿಡಿಯುವುದಿಲ್ಲ, ಆಫೀಸಿನಲ್ಲಿ ಐವತ್ತು ವಿಳಾಸ ಸುಮ್ಮನೆ ಬಿದ್ದಿರುತ್ತವೆ.

ಆದ್ದರಿಂದ ಅಸಮ ಪಾಲು ಮಾಡಬೇಕು. ಇದಕ್ಕೊಂದು ಸೂತ್ರವಿದೆ: ದೊಡ್ಡದನ್ನು ಮೊದಲು ಕೂರಿಸಿ. ಲ್ಯಾಬಿಗೆ 128 ವಿಳಾಸದ ಹೋಳು, 0ಯಿಂದ 127. ಅಧ್ಯಾಪಕರಿಗೆ 64ರದು, 128ರಿಂದ 191. ಕ್ಯಾಮೆರಾಗಳಿಗೆ 32ರದು, 192ರಿಂದ 223. ಆಫೀಸಿಗೆ 16ರದು, 224ರಿಂದ 239. ಕೊನೆಗೆ 240ರಿಂದ 255ರವರೆಗೆ ಹದಿನಾರು ಮಿಕ್ಕವು. ಸಣ್ಣದರಿಂದ ಶುರುಮಾಡಿ ಸಾಲಾಗಿ ಕೂರಿಸುತ್ತ ಹೋದರೆ ದೊಡ್ಡ ಹೋಳಿನ ಗಡಿ ಕೂಡಿಬರುವುದಿಲ್ಲ, ಏಕೆಂದರೆ 128ರ ಹೋಳು 0ಯಲ್ಲಿ ಇಲ್ಲವೇ 128ರಲ್ಲಿ ಮಾತ್ರ ಶುರುವಾಗಬಲ್ಲದು. ಇಷ್ಟು ಬರೆದರೆ ಪೂರ್ತಿ ಅಂಕ.

ಆದರೆ ಈ ಉತ್ತರವನ್ನು ನಿಜವಾದ ಕಟ್ಟಡಕ್ಕೆ ತಂದು ನೋಡಿ. ಆಫೀಸಿನ ಹೋಳಿನಲ್ಲಿ ಬಳಕೆಗೆ ಸಿಗುವುದು 14. ಅದರಲ್ಲಿ ಒಂದು ಗೇಟ್‌ವೇಗೆ. ಉಳಿದ 13ರಲ್ಲಿ 12 ಕಂಪ್ಯೂಟರಿಗೆ. ಒಂದು ಪ್ರಿಂಟರ್ ತಂದರೆ ತುಂಬಿತು. ಮುಂದಿನ ಜೂನಿನಲ್ಲಿ ಬಯೋಮೆಟ್ರಿಕ್ ಹಾಜರಾತಿ ಯಂತ್ರ ಬರುತ್ತದೆ, ಅದಕ್ಕೆ ಜಾಗವಿಲ್ಲ. ಆಗ ಮಿಕ್ಕ ಹದಿನಾರನ್ನೂ ಆಫೀಸಿಗೇ ಸೇರಿಸಿ ಅಲ್ಲಿನ ಮಾಸ್ಕುಗಳನ್ನೆಲ್ಲ ಬದಲಿಸಬೇಕು, ಅದೂ ತುಂಬಿದರೆ ಇಡೀ ಹಂಚಿಕೆಯನ್ನೇ ಅಳಿಸಿ ಹೊಸದಾಗಿ ಮಾಡಬೇಕು. ಪರೀಕ್ಷೆ ಒಂದು ವಿಳಾಸವನ್ನೂ ಪೋಲು ಮಾಡಬೇಡ ಎಂದು ಕಲಿಸಿತ್ತು. ಇಲ್ಲಿ ಆ ಉಳಿತಾಯವೇ ದುಬಾರಿಯಾಯಿತು.

ಆ ಉಳಿತಾಯ ಒಂದು ಕಾಲಕ್ಕೆ ಅಗತ್ಯವಿತ್ತು, ಸಾರ್ವಜನಿಕ ಇಂಟರ್‌ನೆಟ್ ವಿಳಾಸಗಳಿಗೆ ಈಗಲೂ ಇದೆ. ಒಟ್ಟು ಇರುವುದೇ ಸುಮಾರು 430 ಕೋಟಿ. 2011ರ ಫೆಬ್ರುವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನು ಹಂಚಿ ಮುಗಿಸಿದರು. ನಮ್ಮ ಏಷ್ಯಾ ಪೆಸಿಫಿಕ್ ಭಾಗದ ಸಂಸ್ಥೆ ಅದೇ ಏಪ್ರಿಲ್ 15ರ ಹೊತ್ತಿಗೆ ತನ್ನ ಕಟ್ಟಕಡೆಯ ಕಟ್ಟನ್ನು ಬಿಚ್ಚಬೇಕಾಯಿತು. ಆದರೆ ಕಟ್ಟಡದ ಒಳಗೆ ನಾವು ಬಳಸುವುದು ಖಾಸಗಿ ವಿಳಾಸ. 10 ಎಂದು ಶುರುವಾಗುವ ಇಡೀ ಜಾಲ, 172.16ರಿಂದ 172.31ರವರೆಗಿನವು, 192.168ರವು, ಇಷ್ಟನ್ನೂ ಯಾರು ಬೇಕಾದರೂ ತಮ್ಮೊಳಗೆ ಬಳಸಿಕೊಳ್ಳಬಹುದು ಎಂದು 1996ರ ಒಂದು ದಾಖಲೆ ಬಿಟ್ಟುಕೊಟ್ಟಿದೆ. 10ರದೊಂದರಲ್ಲೇ 1.6 ಕೋಟಿಗೂ ಹೆಚ್ಚು ವಿಳಾಸ. ಇಷ್ಟು ಇರುವಾಗ ಆಫೀಸಿಗೆ ಅಳೆದು ಹದಿನಾಲ್ಕು ಕೊಡುವುದೇಕೆ? ಲ್ಯಾಬಿಗೆ 10.1.10, ಅಧ್ಯಾಪಕರಿಗೆ 10.1.20, ಕ್ಯಾಮೆರಾಕ್ಕೆ 10.1.30, ಆಫೀಸಿಗೆ 10.1.40 ಎಂದು ಒಂದೊಂದಕ್ಕೆ 254 ವಿಳಾಸದ ಜಾಲವನ್ನೇ ಕೊಡಿ. ಮೂರನೇ ಸಂಖ್ಯೆ ನೋಡಿದೊಡನೆ ಯಾವ ಜಾಗ ಎಂದು ಗೊತ್ತಾಗುತ್ತದೆ. ರಾತ್ರಿ ಏನೋ ಕೆಟ್ಟಾಗ ಫೋನಿನಲ್ಲಿ ‘ಮೂವತ್ತರದ್ದು’ ಎಂದರೆ ಆ ಕಡೆಯವರಿಗೆ ಕ್ಯಾಮೆರಾ ಎಂದು ತಿಳಿಯುತ್ತದೆ. ಹೀಗೆ ಓದಿ ತಿಳಿಯಬಹುದಾದ ವಿಳಾಸ ಉಳಿತಾಯಕ್ಕಿಂತ ಹೆಚ್ಚು ಉಪಕಾರಿ.

ಜಿಲ್ಲೆಯ ಮಟ್ಟಕ್ಕೂ ಇದನ್ನು ಹಿಗ್ಗಿಸಬಹುದು. ಕೆಸ್ವಾನ್ ಎಂಬ ರಾಜ್ಯದ ಸರ್ಕಾರಿ ಜಾಲದ ರಚನೆ ಮೂರು ಮೆಟ್ಟಿಲಿನದು: ರಾಜಧಾನಿ, ಜಿಲ್ಲಾ ಕೇಂದ್ರ, ತಾಲ್ಲೂಕು. ಅಂಥದೊಂದು ರಚನೆಗೆ ವಿಳಾಸ ಹಂಚುವ ಕೆಲಸ ನಿಮ್ಮ ಪಾಲಿಗೆ ಬಂತು ಎಂದುಕೊಳ್ಳಿ. ಹಾಸನ ಜಿಲ್ಲೆಗೆ 10.20 ಎಂಬ 65,536 ವಿಳಾಸಗಳ ಕಟ್ಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಅರಸೀಕೆರೆ, ಬೇಲೂರು, ಸಕಲೇಶಪುರ, ಆಲೂರು, ಇವು ಎಂಟು ತಾಲ್ಲೂಕು. ಮತ್ತೆ ಮೂರು ಬಿಟ್ ಸಾಕು, ಎಷ್ಟು ಚೆನ್ನಾಗಿ ಹೊಂದಿತು ಎನ್ನಿಸುತ್ತದೆ. ಹೊಂದಿಕೆ ಅಷ್ಟು ಚೆನ್ನಾಗಿ ಕಂಡಾಗಲೇ ಎಚ್ಚರ ಬೇಕು. 2017ರ ರಾಜ್ಯ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕುಗಳನ್ನು ಘೋಷಿಸಿದ್ದು ನಿಮಗೆ ನೆನಪಿರಬಹುದು. ನಾಳೆ ಒಂಬತ್ತನೆಯದು ಬಂದರೆ ಅದನ್ನು ಎಲ್ಲಿ ಕೂರಿಸುತ್ತೀರಿ? ಅದಕ್ಕೇ ನಾಲ್ಕು ಬಿಟ್ ತೆಗೆದುಕೊಂಡು ಹದಿನಾರು ಪಾಲು ಮಾಡಿ, ಎಂಟನ್ನು ಖಾಲಿ ಬಿಡಿ. ಒಂದೊಂದು ತಾಲ್ಲೂಕಿಗೆ ಆಗಲೂ 4,096 ವಿಳಾಸ. ಬೆಂಗಳೂರಿನ ರೂಟರಿಗೆ ಈ ಒಳಗಿನ ಸಂಗತಿ ಯಾವುದೂ ಬೇಡ, 10.20 ಎಂದರೆ ಹಾಸನ ಎಂಬ ಒಂದು ಸಾಲು ಬರೆದಿಟ್ಟುಕೊಂಡರೆ ಮುಗಿಯಿತು. 573ರ ಚೀಲದ ಕೆಲಸ ಇಲ್ಲೂ ನಡೆಯಿತು.

ಇನ್ನು ಹೋಳು ಮಾಡಿದವರು ಬಹಳ ಸಲ ನಂಬಿಕೊಳ್ಳುವ ಒಂದು ಸುಳ್ಳಿನ ಬಗ್ಗೆ. ‘ಕ್ಯಾಮೆರಾಗಳನ್ನು ಬೇರೆ ಸಬ್‌ನೆಟ್‌ಗೆ ಹಾಕಿದ್ದೇವೆ, ಆಫೀಸಿನ ಲೆಕ್ಕಪತ್ರ ಸುರಕ್ಷಿತ’ ಎನ್ನುತ್ತಾರೆ. ಅಷ್ಟರಿಂದ ಸುರಕ್ಷಿತವಾಗುವುದಿಲ್ಲ. ಒಂದು ಹೋಳಿನಿಂದ ಇನ್ನೊಂದಕ್ಕೆ ಮಾತು ಮುಟ್ಟಿಸುವುದೇ ರೂಟರಿನ ಕಸುಬು. ನೀವು ಬೇಡ ಎಂದು ಬರೆದಿಡದಿದ್ದರೆ ಅದು ಎಲ್ಲವನ್ನೂ ನಿಷ್ಠೆಯಿಂದ ದಾಟಿಸುತ್ತದೆ. ಇನ್ನೂ ಒಂದು ಸಂಗತಿ. ಒಂದೇ ಸ್ವಿಚ್ಚಿನ ಮೇಲೆ ಎರಡು ಸಬ್‌ನೆಟ್ಟಿನ ವಿಳಾಸ ಕೊಟ್ಟು ಕೂತರೆ ಕೂಗು ಎರಡೂ ಕಡೆ ಕೇಳುತ್ತಲೇ ಇರುತ್ತದೆ. ಸ್ವಿಚ್ಚಿನೊಳಗೂ ವಿಲ್ಯಾನ್ ಎಂಬ ವಿಂಗಡಣೆ ಮಾಡಬೇಕು, ಅಂದರೆ ಇಂತಿಂಥ ಪೋರ್ಟುಗಳು ಇಂಥ ಗುಂಪಿಗೆ ಎಂದು ಗೊತ್ತುಮಾಡಬೇಕು. ಆಮೇಲೆ ರೂಟರಿನಲ್ಲಿ ಅಥವಾ ಫೈರ್‌ವಾಲ್‌ನಲ್ಲಿ ನಿಯಮ ಬರೆಯಬೇಕು: ಕ್ಯಾಮೆರಾಗಳು ತಮ್ಮ ರೆಕಾರ್ಡರಿನ ಜೊತೆ ಮಾತ್ರ ಮಾತಾಡಲಿ. ಲ್ಯಾಬಿನಿಂದ ಆಫೀಸಿಗೆ ದಾರಿ ಇಲ್ಲ. ಆಫೀಸಿನಿಂದ ಪ್ರಿಂಟರಿಗೆ ಇದೆ. ಸಬ್‌ನೆಟ್ ಗಡಿ ಗುರುತು ಮಾಡಿಕೊಡುತ್ತದೆ, ಕಾವಲು ನಾವೇ ಹಾಕಬೇಕು.

ಕಾವಲಿಲ್ಲದ ಗಡಿಯ ಬೆಲೆ ಎಷ್ಟು ಎಂಬುದಕ್ಕೆ 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಎಂಬ ಅಂಗಡಿ ಸರಣಿಯಲ್ಲಿ ನಡೆದದ್ದನ್ನು ಜಗತ್ತಿನ ಎಲ್ಲ ಕಡೆ ಪಾಠದಲ್ಲಿ ಹೇಳುತ್ತಾರೆ. ಕಳ್ಳರು ಮೊದಲು ಕೈವಶ ಮಾಡಿಕೊಂಡದ್ದು ಶೀತಲೀಕರಣ, ಹವಾನಿಯಂತ್ರಣದ ಗುತ್ತಿಗೆ ಹಿಡಿದಿದ್ದ ಹೊರಗಿನ ಕಂಪನಿಯೊಂದರ ಲಾಗಿನ್ನನ್ನು. ಅಲ್ಲಿಂದ ಒಳಹೊಕ್ಕು, ಕೊನೆಗೆ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳವರೆಗೆ ತಲುಪಿದರು. ಸುಮಾರು 4 ಕೋಟಿ ಗಿರಾಕಿಗಳ ಕಾರ್ಡುಗಳ ಮಾಹಿತಿ ಹೋಯಿತು. ಗುತ್ತಿಗೆದಾರರ ದಾರಿಗೂ ಹಣ ಎಣಿಸುವ ಯಂತ್ರಕ್ಕೂ ನಡುವೆ ದಾಟಲಾಗದ ತಡೆ ಇದ್ದಿದ್ದರೆ ಕಳ್ಳರು ಅಷ್ಟು ಒಳಗೆ ಬರುತ್ತಿರಲಿಲ್ಲ.

ಅಷ್ಟು ದೊಡ್ಡ ಅಂಗಡಿ ನಮ್ಮಲ್ಲಿಲ್ಲ ಎಂದುಕೊಳ್ಳಬೇಡಿ. ಹೋಂಸ್ಟೇಯಲ್ಲಿ ಅತಿಥಿಗಳ ಮೊಬೈಲೂ ಮಾಲೀಕರ ಬ್ಯಾಂಕ್ ವ್ಯವಹಾರದ ಲ್ಯಾಪ್‌ಟಾಪೂ ಒಂದೇ ವೈಫೈಯಲ್ಲಿದ್ದರೆ ತತ್ವ ಅದೇ. ಅಲ್ಲಿಗೆ ದೊಡ್ಡ ಉಪಕರಣವೇನೂ ಬೇಡ. ಈಗಿನ ಹಲವು ಸಾಧಾರಣ ರೂಟರುಗಳಲ್ಲೇ ಗೆಸ್ಟ್ ನೆಟ್‌ವರ್ಕ್ ಎಂಬ ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಅತಿಥಿಗಳಿಗೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಲ್ಯಾಪ್‌ಟಾಪ್ ಸಿಗುವುದಿಲ್ಲ. ಡೇರಿಯಲ್ಲಿ ಹಾಲಿನ ಲೆಕ್ಕದ ಕಂಪ್ಯೂಟರು, ಜೆರಾಕ್ಸ್ ಅಂಗಡಿಯಲ್ಲಿ ಆಧಾರ್, ಪಹಣಿ ಪ್ರತಿಗಳಿರುವ ಕಂಪ್ಯೂಟರು, ಕ್ಲಿನಿಕ್ಕಿನಲ್ಲಿ ರೋಗಿಗಳ ವಿವರ, ಇವನ್ನು ಬಂದುಹೋಗುವವರ ಮೊಬೈಲುಗಳಿಂದ ಬೇರೆ ಇಡುವುದಕ್ಕೆ ಇಷ್ಟು ಸಾಕು.

ಇದರ ಜೊತೆ ಕೆಲವು ತಪ್ಪು ನಿರೀಕ್ಷೆಗಳನ್ನೂ ಬಿಡಬೇಕು. ‘ನೆಟ್ ಸ್ಲೋ ಇದೆ, ಸಬ್‌ನೆಟ್ ಮಾಡಿಸಿಬಿಡಿ’ ಎನ್ನುವವರಿದ್ದಾರೆ. ಊರಿಗೆ ಬಂದಿರುವ ಲೈನು 100 ಎಂಬಿಪಿಎಸ್ ಆದರೆ ಹೋಳು ಮಾಡಿದ ಮೇಲೂ ಅದು ನೂರೇ. ಒಳಗಿನ ಗದ್ದಲ ಕಡಿಮೆಯಾಗಬಹುದು, ಹೊರಗಿನ ಪೈಪು ದಪ್ಪವಾಗುವುದಿಲ್ಲ. ಅತಿಯಾಗಿ ಚೂರು ಮಾಡಿದರೂ ತೊಂದರೆಯೇ. ಮೊಬೈಲಿನಿಂದ ಟಿವಿಗೆ ಚಿತ್ರ ಕಳಿಸುವುದು, ಪ್ರಿಂಟರನ್ನು ತಾನಾಗಿ ಹುಡುಕಿಕೊಳ್ಳುವುದು, ಇವೆಲ್ಲ ಒಂದೇ ಹೋಳಿನೊಳಗಿನ ಕೂಗನ್ನು ನೆಚ್ಚಿಕೊಂಡಿವೆ. ಟಿವಿ ಒಂದು ಹೋಳಿನಲ್ಲಿ, ಮೊಬೈಲ್ ಇನ್ನೊಂದರಲ್ಲಿ ಇದ್ದರೆ ಒಂದಕ್ಕೊಂದು ಕಾಣುವುದೇ ಇಲ್ಲ. ಹೋಳು ಹೆಚ್ಚಿದಷ್ಟೂ ಗೇಟ್‌ವೇ, ನಿಯಮ, ಬರೆದಿಡಬೇಕಾದ ಪುಸ್ತಕ ಎಲ್ಲ ಹೆಚ್ಚುತ್ತವೆ. ನೋಡಿಕೊಳ್ಳುವವರು ಒಬ್ಬರೇ ಇರುವ ಕಡೆ ನಾಲ್ಕು ಹೋಳು ನಲವತ್ತಕ್ಕಿಂತ ಮೇಲು.

ವಿದ್ಯಾರ್ಥಿಗಳಿಗೆ ಒಂದು ಕಸುಬಿನ ಸುಳಿವನ್ನೂ ಕೊಡುತ್ತೇನೆ. ಒಂದು ಯಂತ್ರದಲ್ಲಿ ಇಂಟರ್‌ನೆಟ್ ಚೆನ್ನಾಗಿ ಬರುತ್ತಿದೆ, ಆದರೆ ಪಕ್ಕದ ವಿಭಾಗದ ಪ್ರಿಂಟರ್ ಮಾತ್ರ ಸಿಗುತ್ತಿಲ್ಲ ಎಂದು ದೂರು ಬಂದರೆ ಮೊದಲು ಮಾಸ್ಕ್ ನೋಡಿ. ಜಾಲವನ್ನು 64ರ ಹೋಳುಗಳಾಗಿ ಮಾಡಿದ್ದಾರೆ, ಮಾಸ್ಕಿನ ಕೊನೆಗೆ 192 ಇರಬೇಕು. ಈ ಯಂತ್ರದ ಕೊನೆಯ ಸಂಖ್ಯೆ 70, ಪ್ರಿಂಟರಿನದು 10. ಯಾರೋ ಮಾಸ್ಕಿನ ಕೊನೆಗೆ ಹಳೆಯ ಅಭ್ಯಾಸದಂತೆ 0 ಹಾಕಿದ್ದಾರೆ. ಯಂತ್ರ 10 ಅನ್ನು ತನ್ನ ಹೋಳಿನದೇ ಎಂದು ತಿಳಿದು ನೇರವಾಗಿ ಕೂಗುತ್ತದೆ. ಪ್ರಿಂಟರ್ ಇರುವುದು ಬೇರೆ ಹೋಳಿನಲ್ಲಿ, ಕೂಗು ಅಲ್ಲಿಗೆ ಮುಟ್ಟುವುದಿಲ್ಲ. ದೂರದ ಇಂಟರ್‌ನೆಟ್ ವಿಳಾಸಗಳನ್ನು ಮಾತ್ರ ಅದು ಸರಿಯಾಗಿ ಗೇಟ್‌ವೇಗೆ ಕೊಡುತ್ತಿರುತ್ತದೆ. ದೂರದ್ದು ಸಿಕ್ಕಿ ಹತ್ತಿರದ್ದು ಸಿಗದಿದ್ದರೆ ಮಾಸ್ಕಿನ ಮೇಲೆ ಅನುಮಾನ ಪಡಿ. ಹತ್ತಿರದ್ದು ಸಿಕ್ಕಿ ದೂರದ್ದು ಸಿಗದಿದ್ದರೆ ಗೇಟ್‌ವೇ ಕಡೆ ನೋಡಿ. ಅರ್ಧ ದೂರು ಇಷ್ಟರಲ್ಲೇ ಬಗೆಹರಿಯುತ್ತದೆ.

ಕೊನೆಯದಾಗಿ, ಮುಂದೆ ಬರುವ ಕಾಲದ ಮಾತು. ಬರುವ ಕಾಲ ಎಂದೆ, ನಿಮ್ಮ ಮೊಬೈಲಿನಲ್ಲಿ ಅದು ಆಗಲೇ ಬಂದಿರುವ ಸಾಧ್ಯತೆಯೇ ಹೆಚ್ಚು. ಐಪಿಯ ಆರನೇ ಆವೃತ್ತಿಯ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಅದರ ವಿಳಾಸ 128 ಬಿಟ್ಟಿನದು. ಅಲ್ಲಿ ಒಂದು ಸಾಮಾನ್ಯ ಸಬ್‌ನೆಟ್ಟಿಗೆ 64 ಬಿಟ್ ಬಿಟ್ಟುಕೊಡುವುದು ರೂಢಿ. ಇವತ್ತಿನ ಇಡೀ ಇಂಟರ್‌ನೆಟ್ಟಿನ ಹಳೆಯ ವಿಳಾಸಗಳೆಲ್ಲ ಸೇರಿದರೂ 32 ಬಿಟ್ ಎಂಬುದು ನೆನಪಿರಲಿ. ಒಂದು ಸಂಸ್ಥೆಗೆ ಸ್ಲ್ಯಾಷ್ 48 ಸಿಕ್ಕಿದರೆ ಅದರಲ್ಲಿ ಅಂಥ 65,536 ಸಬ್‌ನೆಟ್ಟುಗಳನ್ನು ಮಾಡಬಹುದು. ಎಷ್ಟು ಯಂತ್ರ ಹಿಡಿಯುತ್ತವೆ ಎಂಬ ಲೆಕ್ಕಕ್ಕೆ ಅಲ್ಲಿ ಕೆಲಸವೇ ಇಲ್ಲ. ಎಲ್ಲಿ ಕತ್ತರಿಸಬೇಕು, ಯಾಕೆ, ಈ ಎರಡು ಪ್ರಶ್ನೆಗಳು ಮಾತ್ರ ಉಳಿದಿವೆ.

ಅದಕ್ಕೇ ನನ್ನ ಸಲಹೆ ಇಷ್ಟು. ಜಾಲ ಹಂಚುವ ಮೊದಲು ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಮೂರು ಪಟ್ಟಿ ಬರೆಯಿರಿ. ಇಲ್ಲಿ ಯಾವ ಯಾವ ಕೆಲಸದ ಯಂತ್ರಗಳಿವೆ. ಯಾವುದು ಯಾವುದರ ಜೊತೆ ಮಾತಾಡಲೇಬೇಕು, ಯಾವುದು ಮಾತಾಡಲೇಬಾರದು. ಐದು ವರ್ಷದಲ್ಲಿ ಯಾವುದು ಬೆಳೆಯುತ್ತದೆ. ಈ ಮೂರು ಪಟ್ಟಿ ಸಿದ್ಧವಾದರೆ ಗೆರೆ ಎಲ್ಲಿ ಎಂಬುದು ತಾನೇ ಕಾಣುತ್ತದೆ, ಆಮೇಲಿನ ಲೆಕ್ಕ ಹತ್ತು ನಿಮಿಷದ್ದು. ಪಟ್ಟಿಯನ್ನು ಪ್ರಿನ್ಸಿಪಾಲರು, ಗುಮಾಸ್ತರು, ಲ್ಯಾಬ್ ಅಟೆಂಡರ್ ಎಲ್ಲರನ್ನೂ ಕೇಳಿ ಬರೆಯಿರಿ. ಯಾವ ಯಂತ್ರ ಎಲ್ಲಿದೆ, ಯಾರು ಬಳಸುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಎಂಜಿನಿಯರಿಗೆ ಗೊತ್ತಿರುವುದಿಲ್ಲ.

ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಸೆಮಿಸ್ಟರಿನಲ್ಲಿ ಸಬ್‌ನೆಟಿಂಗ್ ಪಾಠಕ್ಕೆ ಬಂದಾಗ ಮಕ್ಕಳಿಗೆ ನಿಮ್ಮದೇ ಕಟ್ಟಡದ ನಕ್ಷೆ ಕೊಡಿ. ಭಾಗ ಮಾಡಿಕೊಂಡು ಬರಲು ಹೇಳಿ. ಅಂಕಿಗಳಿಗೆ ಅರ್ಧ ಅಂಕ ಕೊಡಿ. ಉಳಿದರ್ಧವನ್ನು ‘ಇಲ್ಲೇ ಯಾಕೆ ಕತ್ತರಿಸಿದೆ?’ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರಕ್ಕೆ ಇಟ್ಟುಕೊಳ್ಳಿ.